ಬೆಂಗಳೂರು–ಫ್ರಾಂಕ್‌ಫರ್ಟ್: ದೂರ ಒಂದೇ, ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ ಏಕೆ?

ಪ್ರಶ್ನೆ: ನಮ್ಮೂರು ಚಿಕ್ಕಬಳ್ಳಾಪುರ. ಮಗಳು ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಓದುತ್ತಿದ್ದಾಳೆ. ನಾನು, ನಮ್ಮ ಮನೆಯವರು ಇಬ್ಬರೂ ಮೊದಲ ಸಲ ವಿಮಾನ ಹತ್ತುತ್ತಿದ್ದೇವೆ. ನವೆಂಬರ್ ಮಧ್ಯದಲ್ಲಿ ಹೋಗಿ ಡಿಸೆಂಬರ್‌ನಲ್ಲಿ ವಾಪಸ್. ಟಿಕೆಟ್‌ನಲ್ಲಿ ಹೋಗುವಾಗ ಬೆಂಗಳೂರು 3.20, ಫ್ರಾಂಕ್‌ಫರ್ಟ್ 8.50 ಎಂದಿದೆ. ಬರುವಾಗ ಫ್ರಾಂಕ್‌ಫರ್ಟ್ ಮಧ್ಯಾಹ್ನ 12.40, ಬೆಂಗಳೂರು 1.55. ಹಾಗಾದರೆ ಹೋಗಲು ಐದೂವರೆ ಗಂಟೆ, ಬರಲು ಹದಿಮೂರು ಗಂಟೆಯೇ? ಇಂಟರ್‌ನೆಟ್‌ನಲ್ಲಿ ದೂರ ಒಂದು ಕಡೆ 7,400, ಇನ್ನೊಂದು ಕಡೆ 4,600, ಮತ್ತೊಂದು ಕಡೆ 4,000 ಎಂದು ತೋರಿಸುತ್ತದೆ. ಪ್ರಯಾಣದ ಸಮಯ 9 ಗಂಟೆ 42 ನಿಮಿಷವಂತೆ. ಯಾವುದನ್ನು ನಂಬುವುದು? ದುಬೈ ಮೇಲೆ ಹೋದರೆ ಬಹಳ ಸುತ್ತಾಗುತ್ತದೆಯೇ? ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಉತ್ತರ: ಮೊದಲು ನೇರ ಉತ್ತರ. ದೂರ ಸುಮಾರು 7,400 ಕಿಲೋಮೀಟರ್. ನಿಮ್ಮ ಟಿಕೆಟ್ ಪ್ರಕಾರ ಹೋಗಲು 10 ಗಂಟೆ, ಬರಲು 8 ಗಂಟೆ 45 ನಿಮಿಷ. ನೀವು ನೋಡಿದ ಮೂರು ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಆ 9 ಗಂಟೆ 42 ನಿಮಿಷವನ್ನು ಮರೆತುಬಿಡಿ, ಅದು ಯಾವ ವಿಮಾನದ ಸಮಯವೂ ಅಲ್ಲ.

ಗಡಿಯಾರದ ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ಟಿಕೆಟ್‌ನಲ್ಲಿ ಅಚ್ಚಾಗುವ ಪ್ರತಿ ಸಮಯವೂ ಆಯಾ ಊರಿನ ಗಡಿಯಾರದ್ದು. ಹೊರಡುವುದು ನಮ್ಮ ಗಡಿಯಾರದಲ್ಲಿ, ಇಳಿಯುವುದು ಅವರ ಗಡಿಯಾರದಲ್ಲಿ. ಭಾರತ ವಿಶ್ವಮಾನ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ, ಜರ್ಮನಿ ಚಳಿಗಾಲದಲ್ಲಿ ಒಂದು ಗಂಟೆ ಮುಂದಿದೆ. ಎರಡರ ನಡುವಿನ ಅಂತರ ನಾಲ್ಕೂವರೆ ಗಂಟೆ. ಫ್ರಾಂಕ್‌ಫರ್ಟ್‌ನ ಬೆಳಗಿನ 8.50 ಎಂದರೆ ನಮ್ಮಲ್ಲಿ ಮಧ್ಯಾಹ್ನ 1.20. ನಸುಕಿನ 3.20ರಿಂದ ಮಧ್ಯಾಹ್ನ 1.20ಕ್ಕೆ ಸರಿಯಾಗಿ 10 ಗಂಟೆ. ಬರುವಾಗ ಅಲ್ಲಿನ 12.40 ನಮ್ಮ ಸಂಜೆ 5.10, ಅಲ್ಲಿಂದ ರಾತ್ರಿ 1.55ಕ್ಕೆ 8 ಗಂಟೆ 45 ನಿಮಿಷ. ಎರಡು ದೇಶಗಳ ನಡುವಿನ ಯಾವ ಟಿಕೆಟ್ ಕೈಗೆ ಬಂದರೂ ಎರಡೂ ಸಮಯವನ್ನು ನಮ್ಮ ಗಡಿಯಾರಕ್ಕೆ ತಿರುಗಿಸಿಕೊಂಡು ಆಮೇಲೆ ಕಳೆಯಿರಿ.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಆ ಅರ್ಧ ಗಂಟೆ. ನಾಲ್ಕು ಅಥವಾ ಐದು ಎಂದು ಅಂದಾಜಿಗೆ ಹಿಡಿದರೆ ಲೆಕ್ಕ ಅರ್ಧ ಗಂಟೆ ಕೆಡುತ್ತದೆ. ಇನ್ನೊಂದು, ಜರ್ಮನಿಯವರು ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ತರುತ್ತಾರೆ. ನಾವು ಮುಟ್ಟುವುದೇ ಇಲ್ಲ. ಹೀಗಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಂತರ ಮೂರೂವರೆ ಗಂಟೆಗೆ ಇಳಿಯುತ್ತದೆ. ಇದೇ 3.20–8.50 ಜೂನ್ ತಿಂಗಳ ಟಿಕೆಟ್‌ನಲ್ಲಿದ್ದರೆ ಪ್ರಯಾಣ 9 ಗಂಟೆಯದ್ದು ಎಂದರ್ಥ. ವಿಮಾನ ಸಂಸ್ಥೆಗಳ ಬೇಸಿಗೆ–ಚಳಿಗಾಲದ ವೇಳಾಪಟ್ಟಿಗಳೂ ಇದೇ ಭಾನುವಾರಗಳಂದು ಬದಲಾಗುತ್ತವೆ. ಹೋಗುವುದು ಅಕ್ಟೋಬರ್ ಮೊದಲ ವಾರ, ಬರುವುದು ನವೆಂಬರ್ ಎಂಬಂಥ ಟಿಕೆಟ್‌ಗೆ ಎರಡು ಬೇರೆ ಅಂತರಗಳನ್ನು ಬಳಸಬೇಕು.

ಅಂತರ ಎಷ್ಟೆಂದು ನೆನಪಿಲ್ಲದಿದ್ದರೂ ಒಂದು ಉಪಾಯವಿದೆ. ಟಿಕೆಟ್‌ನಲ್ಲಿ ಕಾಣುವ ಎರಡು ಸುಳ್ಳು ಅವಧಿಗಳನ್ನೂ ಕೂಡಿಸಿ ಅರ್ಧ ಮಾಡಿ. ನಿಮ್ಮದರಲ್ಲಿ ಐದೂವರೆ ಗಂಟೆ ಮತ್ತು ಹದಿಮೂರು ಕಾಲು ಗಂಟೆ, ಒಟ್ಟು ಹದಿನೆಂಟು ಮುಕ್ಕಾಲು. ಅರ್ಧ ಮಾಡಿದರೆ ಹೆಚ್ಚು ಕಡಿಮೆ 9 ಗಂಟೆ 22 ನಿಮಿಷ. ಒಂದು ಕಡೆ ಕಳೆದುಹೋದ ನಾಲ್ಕೂವರೆ ಗಂಟೆ ಇನ್ನೊಂದು ಕಡೆ ಸೇರಿಕೊಂಡಿರುವುದರಿಂದ ಎರಡೂ ವಜಾ ಆಗಿ ನಿಜವಾದ ಸರಾಸರಿ ಉಳಿಯುತ್ತದೆ. ಹೋಗುವುದೂ ಬರುವುದೂ ಒಂದೇ ಋತುವಿನಲ್ಲಿದ್ದರೆ ಮಾತ್ರ ಇದು ನಡೆಯುತ್ತದೆ.

ಇನ್ನು ದೂರ. 7,400 ಎಂಬುದು ಕಿಲೋಮೀಟರ್, 4,600 ಎಂಬುದು ಮೈಲಿ, 4,000 ಎಂಬುದು ನಾಟಿಕಲ್ ಮೈಲಿ. ಒಂದು ಮೈಲಿ 1.609 ಕಿ.ಮೀ., ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ವಿಮಾನದವರು, ಹಡಗಿನವರು ಬಳಸುವುದು ಕೊನೆಯದನ್ನು. ಗುಣಿಸಿ ನೋಡಿ, ಮೂರೂ ಒಂದೇ ದೂರ. ಅಂಕಿಯ ಪಕ್ಕದಲ್ಲಿರುವ ಚಿಕ್ಕ ಅಕ್ಷರಗಳನ್ನು ನೋಡದಿದ್ದರೆ ಹೀಗೆ ತಲೆ ಕೆಡುತ್ತದೆ.

ಈ 7,400 ಎಲ್ಲಿಂದ ಬಂತು ಎಂದು ನೀವೇ ಮೊಬೈಲ್‌ನ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಪರೀಕ್ಷಿಸಬಹುದು. ಹೈಸ್ಕೂಲಿನ ತ್ರಿಕೋನಮಿತಿ ಸಾಕು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ 13.20 ಡಿಗ್ರಿ ಉತ್ತರ ಅಕ್ಷಾಂಶ, 77.71 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಫ್ರಾಂಕ್‌ಫರ್ಟ್ ನಿಲ್ದಾಣ 50.03 ಡಿಗ್ರಿ ಉತ್ತರ, 8.57 ಡಿಗ್ರಿ ಪೂರ್ವ. ರೇಖಾಂಶಗಳ ವ್ಯತ್ಯಾಸ 69.14 ಡಿಗ್ರಿ. ಮೊದಲು ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.2284 ಗುಣಿಸು 0.7664, ಬರುವುದು 0.1750. ಆಮೇಲೆ ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಗುಣಿಸಿ: 0.9736 ಗುಣಿಸು 0.6424 ಗುಣಿಸು 0.3561, ಬರುವುದು 0.2227. ಎರಡನ್ನೂ ಕೂಡಿಸಿದರೆ 0.3977. ಯಾವ ಕೋನದ ಕೊಸೈನ್ ಇದು ಎಂದು ಕೇಳಿದರೆ ಕ್ಯಾಲ್ಕುಲೇಟರ್ 66.57 ಡಿಗ್ರಿ ಎನ್ನುತ್ತದೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದರೆ ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ 7,400 ಬಂತು. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿರಲಿ, ರೇಡಿಯನ್‌ನಲ್ಲಿದ್ದರೆ ಅರ್ಥವಿಲ್ಲದ ಉತ್ತರ ಬರುತ್ತದೆ.

ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳ ಬಳಿ ಸ್ವಲ್ಪ ಅಮುಕಿಕೊಂಡಿದೆ. ಸಮಭಾಜಕದ ಬಳಿ ತ್ರಿಜ್ಯ 6,378, ಧ್ರುವದ ಬಳಿ 6,357 ಕಿ.ಮೀ. ಇದನ್ನು ಲೆಕ್ಕಕ್ಕೆ ಹಿಡಿಯುವ ಜಾಲತಾಣಕ್ಕೂ ಹಿಡಿಯದ ಜಾಲತಾಣಕ್ಕೂ ಅರ್ಧ ಶೇಕಡಾದೊಳಗೆ ವ್ಯತ್ಯಾಸ ಬರುತ್ತದೆ. ಒಂದು ಕಡೆ 7,385, ಇನ್ನೊಂದು ಕಡೆ 7,410 ಎಂದು ಕಂಡರೆ ಯಾರನ್ನೂ ಅನುಮಾನಿಸಬೇಕಿಲ್ಲ. ಹಳೆಯ ಪಟ್ಟಿ ಇಟ್ಟುಕೊಂಡ ಕೆಲವು ಕಡೆ ಬೆಂಗಳೂರಿಗೆ ಇನ್ನೂ ಎಚ್‌ಎಎಲ್ ನಿಲ್ದಾಣದ ಅಕ್ಷಾಂಶವೇ ಇರುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾಗುವವರೆಗೆ ಬಿಎಲ್‌ಆರ್ ಎಂಬ ಸಂಕೇತ ಎಚ್‌ಎಎಲ್‌ನದಾಗಿತ್ತು. ಅಲ್ಲಿಂದ ಅಳೆದರೆ ಸುಮಾರು 20 ಕಿ.ಮೀ. ಹೆಚ್ಚು ಬರುತ್ತದೆ.

ನಿಜಕ್ಕೂ ಎಚ್ಚರ ವಹಿಸಬೇಕಾದದ್ದು ಊರಿನ ಹೆಸರಿನಲ್ಲಿ. ಫ್ರಾಂಕ್‌ಫರ್ಟ್ ಎಂಬ ಹೆಸರಿನ ಇನ್ನೊಂದು ಪಟ್ಟಣ ಪೋಲೆಂಡ್ ಗಡಿಯಲ್ಲಿ ಓಡರ್ ನದಿಯ ದಡದಲ್ಲಿದೆ. ಊರಿಂದ ಊರಿಗೆ ದೂರ ಹೇಳುವ ತಾಣಗಳು ಕೆಲವೊಮ್ಮೆ ಅದನ್ನು ಹಿಡಿಯುತ್ತವೆ. ಅದಕ್ಕಿಂತ ಅಪಾಯದ್ದು ಫ್ರಾಂಕ್‌ಫರ್ಟ್-ಹಾನ್ ಎಂಬ ವಿಮಾನ ನಿಲ್ದಾಣ. ಹೆಸರಿಗೆ ಫ್ರಾಂಕ್‌ಫರ್ಟ್, ನಗರದಿಂದ ಸುಮಾರು 120 ಕಿ.ಮೀ. ದೂರ. ಯುರೋಪಿನೊಳಗಿನ ಅಗ್ಗದ ವಿಮಾನಗಳು ಅಲ್ಲಿಗೆ ಇಳಿಯುತ್ತವೆ. ನಿಮ್ಮ ಟಿಕೆಟ್‌ನಲ್ಲಿ ಎಫ್‌ಆರ್‌ಎ ಎಂದಿದ್ದರೆ ಸರಿ, ಎಚ್‌ಎಚ್‌ಎನ್ ಎಂದಿದ್ದರೆ ಅದು ಹಾನ್. ಮಗಳು ಅಲ್ಲಿಂದ ನಿಮಗೆ ಬೇರೆ ಯಾವ ಊರಿನ ಟಿಕೆಟ್ ಬುಕ್ ಮಾಡಿದರೂ ಮೂರಕ್ಷರದ ಸಂಕೇತವನ್ನೇ ನೋಡಿ, ಹೆಸರನ್ನಲ್ಲ.

7,400 ಎಂಬುದು ಗೋಳದ ಮೇಲೆ ಎರಡು ಚುಕ್ಕೆಗಳ ನಡುವೆ ಎಳೆಯಬಹುದಾದ ಅತಿ ಚಿಕ್ಕ ಗೆರೆ, ಅಂದರೆ ಮಹಾವೃತ್ತದ ದೂರ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ದಾರ ಬಿಗಿಯಾಗಿ ಎಳೆದು ನೋಡಿ. ಗೋಡೆಯ ನಕ್ಷೆಯಲ್ಲಿ ಇದು ಉತ್ತರದ ಕಡೆ ಬಾಗಿದಂತೆ ಕಾಣುತ್ತದೆ. ಏರ್ ಇಂಡಿಯಾ 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿದಾಗ ಅದು ಉತ್ತರ ಧ್ರುವದ ಮೇಲೆಯೇ ಬಂತು. ಆ ದಾರಿ ಚಪ್ಪಟೆ ನಕ್ಷೆ ನೋಡಿದವರಿಗೆ ವಿಚಿತ್ರ ಎನಿಸಿದರೂ ಗ್ಲೋಬಿನ ಮೇಲೆ ಅದು ಹೆಚ್ಚು ಕಡಿಮೆ ನೇರವೇ.

ನಿಮ್ಮ ದಾರಿಯ ಗೆರೆ ದೇವನಹಳ್ಳಿಯಿಂದ ವಾಯವ್ಯಕ್ಕೆ ಹೊರಟು ಮುಂಬೈ ಪಕ್ಕದ ಸಮುದ್ರದ ಮೇಲೆ ಹಾದು, ಗುಜರಾತ್–ಸಿಂಧ್ ಕರಾವಳಿಯ ಬಳಿ ದಡ ಹತ್ತಿ, ಬಲೂಚಿಸ್ತಾನ ದಾಟಿ ಇರಾನ್ ಸೇರುತ್ತದೆ. ಸರಿಯಾಗಿ ಅರ್ಧ ದಾರಿ ಬೀಳುವುದು ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ದಡದಲ್ಲಿ. ಅಲ್ಲಿಂದ ಆರ್ಮೇನಿಯ, ಜಾರ್ಜಿಯದ ಬಟೂಮಿ, ಕಪ್ಪು ಸಮುದ್ರ, ಉಕ್ರೇನಿನ ಒಡೆಸಾ ಸುತ್ತಮುತ್ತ, ರುಮೇನಿಯದ ಉತ್ತರ ಭಾಗ, ಸ್ಲೊವಾಕಿಯ, ಚೆಕ್ ದೇಶ, ಆಮೇಲೆ ಜರ್ಮನಿ. ಈ ದೇಶಗಳ ಹೆಸರು ಓದುತ್ತಿದ್ದಂತೆಯೇ ತೊಂದರೆ ಎಲ್ಲಿದೆ ಎಂದು ನಿಮಗೆ ಹೊಳೆದಿರುತ್ತದೆ. ಉಕ್ರೇನಿನ ಆಕಾಶ 2022ರ ಫೆಬ್ರುವರಿ 24ರಿಂದ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಇರಾನ್ 2025ರ ಜೂನ್‌ನಲ್ಲಿ ಯುದ್ಧದ ಹೊತ್ತಿಗೆ ತನ್ನ ಆಕಾಶವನ್ನು ಮುಚ್ಚಿತ್ತು. ತೆರೆದಿರುವಾಗಲೂ ಅದನ್ನು ಬಳಸದ ಯುರೋಪಿನ ಸಂಸ್ಥೆಗಳಿವೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ಸಂಸ್ಥೆಗಳಿಗೆ ತನ್ನ ಆಕಾಶ ಮುಚ್ಚಿತು. ಆ ನಿರ್ಬಂಧ ನಮ್ಮ ದೇಶದ ಸಂಸ್ಥೆಗಳಿಗೆ ಮಾತ್ರ, ಜರ್ಮನಿಯದೋ ಕೊಲ್ಲಿಯದೋ ವಿಮಾನಕ್ಕಲ್ಲ.

ಇರಾನ್ ಬೇಡವೆಂದಾಗ ಉಳಿಯುವುದು ಮುಖ್ಯವಾಗಿ ಎರಡು ದಾರಿ. ಉತ್ತರದ್ದು ಪಾಕಿಸ್ತಾನ, ಆಫ್ಘಾನಿಸ್ತಾನ, ತುರ್ಕಮೆನಿಸ್ತಾನ, ಕ್ಯಾಸ್ಪಿಯನ್, ಅಜರ್‌ಬೈಜಾನ್, ಜಾರ್ಜಿಯ, ಕಪ್ಪು ಸಮುದ್ರ. ದಕ್ಷಿಣದ್ದು ಅರಬ್ಬಿ ಸಮುದ್ರ, ಒಮಾನ್, ಸೌದಿ ಅರೇಬಿಯ, ಈಜಿಪ್ಟ್, ಮೆಡಿಟರೇನಿಯನ್. ಯಾವುದು ಎಂದು ವಿಮಾನ ಹೊರಡುವ ಕೆಲವು ಗಂಟೆ ಮೊದಲು ಅಂದಿನ ಗಾಳಿ, ಇಂಧನ, ಮುಚ್ಚಿರುವ ಆಕಾಶ ನೋಡಿಕೊಂಡು ಡಿಸ್ಪ್ಯಾಚರ್‌ಗಳು, ಅಂದರೆ ಹಾರಾಟದ ದಾರಿ ಗೊತ್ತುಮಾಡುವ ಸಂಸ್ಥೆಯ ಸಿಬ್ಬಂದಿ, ನಿರ್ಧರಿಸುತ್ತಾರೆ. ಎರಡರಲ್ಲೂ ದಾರಿ 7,400 ದಾಟುತ್ತದೆ. ದೂರ ಹೇಳುವ ತಾಣಗಳಿಗೆ ಇದ್ಯಾವುದೂ ಗೊತ್ತಿಲ್ಲ, ಅವಕ್ಕೆ ಗೊತ್ತಿರುವುದು ಎರಡು ಚುಕ್ಕೆ ಮಾತ್ರ. ನಿಮ್ಮ ವಿಮಾನ ನಿಜಕ್ಕೂ ಯಾವ ದಾರಿ ಹಿಡಿಯುತ್ತಿದೆ ಎಂಬ ಕುತೂಹಲವಿದ್ದರೆ ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ವಿಮಾನದ ನಂಬರ್ ಹಾಕಿ, ಹಿಂದಿನ ಕೆಲವು ದಿನಗಳ ಹಾರಾಟ ನೋಡಿ. ಎಷ್ಟು ಹೊತ್ತು ಹಿಡಿಯಿತು ಎಂಬುದೂ ಅಲ್ಲೇ ಸಿಗುತ್ತದೆ. ನನ್ನ ಮಟ್ಟಿಗೆ ಯಾವ ಕ್ಯಾಲ್ಕುಲೇಟರ್‌ಗಿಂತ ಇದು ಮೇಲು.

ಸಮಯಕ್ಕೆ ಬರೋಣ. ನೀವು ನೋಡಿದ 9 ಗಂಟೆ 42 ನಿಮಿಷ ಹೇಗೆ ಹುಟ್ಟಿತು ಎಂದು ಊಹಿಸುವುದು ಕಷ್ಟವಲ್ಲ: 4,600 ಮೈಲಿಯನ್ನು ಗಂಟೆಗೆ 500 ಮೈಲಿಯಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಇದರಲ್ಲಿ ಗಾಳಿಗೆ ಜಾಗವಿಲ್ಲ, ಹೋಗುವುದಕ್ಕೂ ಬರುವುದಕ್ಕೂ ಒಂದೇ ಉತ್ತರ.

ದೂರದ ಹಾರಾಟದ ಬೋಯಿಂಗ್ 787, ಏರ್‌ಬಸ್ ಎ350ರಂಥ ವಿಮಾನಗಳು ಶಬ್ದದ ವೇಗದ ಶೇ 85ರ ಸುಮಾರಿನಲ್ಲಿ ಹಾರುತ್ತವೆ. 35,000 ಅಡಿ ಎತ್ತರದಲ್ಲಿ ಸೊನ್ನೆಗಿಂತ 54 ಡಿಗ್ರಿ ಕೆಳಗಿನ ಚಳಿ. ಆ ಚಳಿಯಲ್ಲಿ ಶಬ್ದವೇ ನಿಧಾನ. ಹಾಗಾಗಿ ಶೇ 85 ಎಂದರೆ ಗಂಟೆಗೆ 900 ಕಿ.ಮೀ. ಚಿಲ್ಲರೆ. ಆದರೆ ಈ 900 ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಗಾಳಿಯೇ ಎದುರಿನಿಂದ ಬರುತ್ತಿದ್ದರೆ ನೆಲದ ಲೆಕ್ಕದಲ್ಲಿ ಅಷ್ಟು ಕಡಿಮೆ, ಹಿಂದಿನಿಂದ ಬಂದರೆ ಅಷ್ಟು ಹೆಚ್ಚು. ಚಳಿಗಾಲದಲ್ಲಿ ಇರಾನ್, ಪಾಕಿಸ್ತಾನ, ಉತ್ತರ ಭಾರತದ ಮೇಲೆ 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಸಾದ ಗಾಳಿ ಹರಿಯುತ್ತದೆ. ಅದರ ನಡುವಿನಲ್ಲಿ ಗಂಟೆಗೆ 150–200 ಕಿ.ಮೀ. ವೇಗ ಅಪರೂಪವಲ್ಲ. ನೀವು ನವೆಂಬರ್‌ನಲ್ಲಿ ಹೋಗುವಾಗ ಅದನ್ನು ಎದುರಿಸಿ ಹೋಗಬೇಕು, ಬರುವಾಗ ಅದೇ ನಿಮ್ಮನ್ನು ತಳ್ಳಿಕೊಂಡು ಬರುತ್ತದೆ.

ಮಳೆಗಾಲದಲ್ಲಿ ಚಿತ್ರ ಬೇರೆ. ಆ ಜೆಟ್ ಸ್ಟ್ರೀಮ್ ದುರ್ಬಲವಾಗಿ ಉತ್ತರಕ್ಕೆ ಸರಿಯುತ್ತದೆ. ನಮ್ಮ ದಖ್ಖನಿನ ತಲೆಯ ಮೇಲೆ, ಕೆಳಗೆ ನೈಋತ್ಯ ಮುಂಗಾರು ಬೀಸುತ್ತಿರುವಾಗಲೇ, ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಬೇರೆ ಜೆಟ್ ಸ್ಟ್ರೀಮ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲೆಸುತ್ತದೆ. ಹೀಗಾಗಿ ಜುಲೈನಲ್ಲಿ ಹೋಗುವ ಮತ್ತು ಬರುವ ಸಮಯಗಳ ವ್ಯತ್ಯಾಸ ಕುಗ್ಗುತ್ತದೆ.

ಒಂದು ಮಾದರಿ ಲೆಕ್ಕ ಹಾಕೋಣ. ದಾರಿ 7,800 ಕಿ.ಮೀ., ಇಡೀ ದಾರಿಯ ಸರಾಸರಿ ಎದುರುಗಾಳಿ ಗಂಟೆಗೆ 50 ಕಿ.ಮೀ. ಎಂದಿಟ್ಟುಕೊಳ್ಳಿ. 850ರಿಂದ ಭಾಗಿಸಿದರೆ 9 ಗಂಟೆ 10 ನಿಮಿಷ. ಏರುವಾಗ ಇಳಿಯುವಾಗ ವೇಗ ಕಡಿಮೆ, ಅದಕ್ಕೆ 12 ನಿಮಿಷ. ಬೆಂಗಳೂರಿನಲ್ಲಿ ಗೇಟಿನಿಂದ ರನ್‌ವೇವರೆಗೆ ಉರುಳಿ ಸರದಿ ಕಾಯಲು 20 ನಿಮಿಷ, ಫ್ರಾಂಕ್‌ಫರ್ಟ್‌ನಲ್ಲಿ ಗೇಟ್ ಸೇರಲು 10 ನಿಮಿಷ. ಒಟ್ಟು 9 ಗಂಟೆ 52 ನಿಮಿಷ. ತಡವಾದರೂ ಸಮಯಕ್ಕೆ ಮುಟ್ಟಿದೆವು ಎನ್ನಿಸಿಕೊಳ್ಳಲು ಸಂಸ್ಥೆ ಕೆಲವು ನಿಮಿಷ ಉಳಿಕೆ ಇಟ್ಟುಕೊಳ್ಳುತ್ತದೆ. ಟಿಕೆಟ್‌ನಲ್ಲಿ 10 ಗಂಟೆ ಆಯಿತು. ಬರುವಾಗ ಅದೇ 50 ಹಿಂದಿನಿಂದ ಬಂದರೆ ವೇಗ 950, ಹಾರಾಟ 8 ಗಂಟೆ 13 ನಿಮಿಷ, ಉಳಿದದ್ದು ಸೇರಿ 8 ಗಂಟೆ 55 ನಿಮಿಷ, ನಿಮ್ಮ ಟಿಕೆಟ್‌ನ 8 ಗಂಟೆ 45 ನಿಮಿಷಕ್ಕೆ ಹತ್ತಿರವೇ. ಟಿಕೆಟ್‌ನಲ್ಲಿರುವುದು ವಿಮಾನ ಗೇಟು ಬಿಟ್ಟಲ್ಲಿಂದ ಗೇಟು ಮುಟ್ಟುವವರೆಗಿನ ಲೆಕ್ಕ. ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಪೈಲಟ್ ಮೈಕಿನಲ್ಲಿ 'ಇಂದಿನ ಹಾರಾಟ 9 ಗಂಟೆ 20 ನಿಮಿಷ' ಎಂದರೆ ಅದು ನೆಲ ಬಿಟ್ಟು ನೆಲ ಮುಟ್ಟುವ ಲೆಕ್ಕ. ಬೇಗ ತಲುಪುತ್ತೇವೆಂದು ಮಗಳಿಗೆ ಮೆಸೇಜ್ ಹಾಕಿ ಅವಸರ ಮಾಡಬೇಡಿ.

ದುಬೈ ಮೇಲೆ ಹೋದರೆ ಸುತ್ತಾಗುತ್ತದೆಯೇ ಎಂದಿರಿ. ಇಲ್ಲಿ ಹೆಚ್ಚಿನವರ ಅಂದಾಜು ತಪ್ಪುತ್ತದೆ. ಬೆಂಗಳೂರಿನಿಂದ ದುಬೈ 2,700 ಕಿ.ಮೀ., ದುಬೈನಿಂದ ಫ್ರಾಂಕ್‌ಫರ್ಟ್ 4,840. ಕೂಡಿಸಿದರೆ 7,540. ನೇರ ದಾರಿಗಿಂತ 140 ಕಿ.ಮೀ. ಮಾತ್ರ ಹೆಚ್ಚು, ಆಕಾಶದಲ್ಲಿ ಹತ್ತು ನಿಮಿಷದ ಮಾತು. ದೋಹಾ ಮೇಲೆ ಹೋದರೆ ಒಟ್ಟು 7,630. ದೆಹಲಿ ಮೇಲೆ ಹೋದರೆ 7,830. ಪಾಕಿಸ್ತಾನದ ನಿರ್ಬಂಧ ಇರುವವರೆಗೆ ದೆಹಲಿಯಿಂದ ಹೊರಟ ಭಾರತೀಯ ವಿಮಾನ ಮತ್ತೆ ದಕ್ಷಿಣಕ್ಕೆ ತಿರುಗಿ ಗುಜರಾತ್ ಬಳಿ ಸಮುದ್ರ ಹಿಡಿಯಬೇಕಾದ್ದರಿಂದ ಇನ್ನೂ ಹೆಚ್ಚು. ಕೊಲ್ಲಿಯ ದಾರಿಯಲ್ಲಿ ಹೊತ್ತು ತಿನ್ನುವುದು ದೂರವಲ್ಲ, ಎರಡು ಸಲ ಏರಿ ಇಳಿಯುವುದು ಮತ್ತು ನಡುವೆ ಕಾಯುವುದು. ದುಬೈಗೆ 4 ಗಂಟೆ, ಅಲ್ಲಿ 3 ಗಂಟೆ ಕಾಯುವಿಕೆ, ಮುಂದೆ 7 ಗಂಟೆ, ಒಟ್ಟು 14.

ಟಿಕೆಟ್ ದರದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಕೊಲ್ಲಿಯ ದಾರಿಯೂ ಕೆಟ್ಟದ್ದಲ್ಲ. ಎರಡೂ ಹಂತ ಒಂದೇ ಬುಕಿಂಗ್ ನಂಬರಿನಲ್ಲಿ ಇರಲೇಬೇಕು. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಕೂರಿಸುವ ಹೊಣೆ ಸಂಸ್ಥೆಯದು, ಲಗೇಜ್ ಕೂಡ ನೇರವಾಗಿ ಫ್ರಾಂಕ್‌ಫರ್ಟ್‌ಗೆ ಹೋಗುತ್ತದೆ. ಎರಡು ಬೇರೆ ಟಿಕೆಟ್ ತೆಗೆದುಕೊಂಡು ಎರಡು ಸಾವಿರ ಉಳಿಸಿದವರು ಎರಡನೆಯ ಟಿಕೆಟ್ ಪೂರ್ತಿ ಕಳೆದುಕೊಂಡದ್ದುಂಟು. ಕಾಯುವ ಸಮಯ ಎರಡು ಗಂಟೆಗಿಂತ ಕಡಿಮೆ ಇದ್ದರೆ ಮೊದಲ ಸಲ ಹೋಗುವ ಹಿರಿಯರಿಗೆ ಬೇಡ. ನೀವಿಬ್ಬರೂ ಹೊಸಬರಾದ್ದರಿಂದ ನೇರ ವಿಮಾನ ತೆಗೆದುಕೊಂಡದ್ದು ಒಳ್ಳೆಯದಾಯಿತು.

ಮನೆಯಿಂದ ಹೊರಡುವ ವಿಷಯ. ಇಲ್ಲಿ ಗಡಿಯಾರಕ್ಕಿಂತ ಮೊದಲು ಕ್ಯಾಲೆಂಡರ್ ನೋಡಿ. 15ನೇ ತಾರೀಖು 3.20 ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು 14ರ ರಾತ್ರಿ. 15ರ ರಾತ್ರಿ ಊಟ ಮುಗಿಸಿ ಹೊರಟರೆ ವಿಮಾನ ಹೋಗಿ ಇಪ್ಪತ್ತು ಗಂಟೆಯಾಗಿರುತ್ತದೆ. ಯುರೋಪಿನ ವಿಮಾನಗಳು ನಮ್ಮಲ್ಲಿಂದ ಹೆಚ್ಚಾಗಿ ನಡುರಾತ್ರಿ ಮೇಲೆ ಹೊರಡುವುದರಿಂದ ಈ ತಪ್ಪು ಸಾಮಾನ್ಯ. ಅವು ಹಾಗೆ ಹೊರಡುವುದಕ್ಕೂ ಕಾರಣವಿದೆ: ಬೆಳಿಗ್ಗೆ ಅಲ್ಲಿ ಇಳಿದರೆ ಯುರೋಪು, ಅಮೆರಿಕದ ಮುಂದಿನ ವಿಮಾನಗಳು ಸಿಗುತ್ತವೆ. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ವೇಳಾಪಟ್ಟಿಯ ವಿಮಾನಗಳಿಗೆ 2011ರಿಂದ ನಿಷೇಧವೂ ಇದೆ.

ಚಿಕ್ಕಬಳ್ಳಾಪುರದಿಂದ ಬೆಂಗಳೂರಿನವರಿಗಿಂತ ನೀವೇ ಹತ್ತಿರ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ದೇವನಹಳ್ಳಿ ದಾಟಿ ನಿಲ್ದಾಣ ಸೇರಲು ಸುಮಾರು 30 ಕಿ.ಮೀ., ರಾತ್ರಿ ಮುಕ್ಕಾಲು ಗಂಟೆ ಸಾಕು. 11 ಗಂಟೆಗೆ ಹೊರಟರೆ 12ರೊಳಗೆ ತಲುಪುತ್ತೀರಿ, ವಿಮಾನಕ್ಕೆ ಇನ್ನೂ ಮೂರು ಗಂಟೆ ಇರುತ್ತದೆ. ಶನಿವಾರ ರಾತ್ರಿ, ಭಾನುವಾರ ಆದರೆ ಅರ್ಧ ಗಂಟೆ ಮುಂಚೆ ಹೊರಡಿ. ನಂದಿ ಬೆಟ್ಟಕ್ಕೂ ಆವಲಗುರ್ಕಿಯ ಆದಿಯೋಗಿಗೂ ಹೋಗಿಬರುವ ವಾಹನಗಳು ನಂದಿ ಕ್ರಾಸ್ ಬಳಿ ಕಟ್ಟಿಕೊಳ್ಳುತ್ತವೆ. ಚಿಕ್ಕಬಳ್ಳಾಪುರದ ರೈಲು ಮಾರ್ಗದಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಇದೆಯಾದರೂ ನಡುರಾತ್ರಿಯ ವಿಮಾನಕ್ಕೆ ಅದನ್ನು ನಂಬಿಕೊಳ್ಳಬೇಡಿ. ಕೋಲಾರದವರಿಗೆ ವೇಮಗಲ್, ಎಚ್. ಕ್ರಾಸ್, ವಿಜಯಪುರ, ದೇವನಹಳ್ಳಿ ದಾರಿ 65 ಕಿ.ಮೀ. ಆಸುಪಾಸು. ತುಮಕೂರಿನವರು ನೆಲಮಂಗಲ, ಹೆಬ್ಬಾಳ ಎಂದು ಬೆಂಗಳೂರಿಗೆ ನುಗ್ಗದೆ ದಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಬರಬೇಕು, 80 ಕಿ.ಮೀ., ಎರಡು ಗಂಟೆ ಇಟ್ಟುಕೊಳ್ಳಿ.

ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ, ಡ್ರೈವರ್‌ಗೆ ಮೊದಲೇ ಹೇಳಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. 3.20 ಎಂಬುದು ಗೇಟು ಬಿಡುವ ಸಮಯ, ನೀವು ಗೇಟಿಗೆ ಬರುವ ಸಮಯವಲ್ಲ.

ಅಲ್ಲಿ ಇಳಿದ ಮೇಲೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. 2025ರ ಅಕ್ಟೋಬರ್ 12ರಿಂದ ಯುರೋಪಿನ ಹೊಸ ಗಡಿ ವ್ಯವಸ್ಥೆ ಜಾರಿಗೆ ಬಂದಿದ್ದು, ಮೊದಲ ಸಲ ಹೋಗುವವರ ವಿವರ, ಫೋಟೊ ಗಡಿಯಲ್ಲೇ ದಾಖಲಿಸುತ್ತಾರೆ, ಸಾಲು ಉದ್ದವಿರುತ್ತದೆ. ನಿಲ್ದಾಣದ ಒಂದನೇ ಟರ್ಮಿನಲ್‌ಗೆ ಹೊಂದಿಕೊಂಡೇ ದೂರಪ್ರಯಾಣದ ರೈಲು ನಿಲ್ದಾಣವಿದೆ. ಐಸಿಇ ಎಂಬ ವೇಗದ ರೈಲಿನಲ್ಲಿ ಮ್ಯಾನ್‌ಹೈಮ್‌ಗೆ ಅರ್ಧ ಗಂಟೆ ಚಿಲ್ಲರೆ. ನಿಗದಿತ ರೈಲಿಗೆ ಮಾತ್ರ ನಡೆಯುವ ಅಗ್ಗದ ಟಿಕೆಟ್ ತೆಗೆಯುವುದಾದರೆ 8.50ಕ್ಕೆ ಇಳಿದು 9.50ರ ರೈಲು ಹಿಡಿಯುವ ಆಸೆ ಬೇಡ, 11ರ ನಂತರದ್ದನ್ನು ತೆಗೆಯಲು ಮಗಳಿಗೆ ಹೇಳಿ. ಎಲ್ಲ ಕೂಡಿಸಿದರೆ ನಿಮ್ಮ ಬಾಗಿಲಿನಿಂದ ಅವಳ ಬಾಗಿಲಿಗೆ 17 ಗಂಟೆ. ಅದರಲ್ಲಿ ಆಕಾಶದಲ್ಲಿರುವುದು ಒಂಬತ್ತೂವರೆಯಷ್ಟೇ.

ನಿಮ್ಮಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯಿದ್ದರೆ ಒಂದು ಮಾತು. ಪಶ್ಚಿಮಕ್ಕೆ ಹೋಗುವಾಗ ನಿಮ್ಮ ದಿನ ನಾಲ್ಕೂವರೆ ಗಂಟೆ ಉದ್ದವಾಗುತ್ತದೆ, ಬರುವಾಗ ಅಷ್ಟೇ ಕುಗ್ಗುತ್ತದೆ. ಮೇಲೆ ಮಾಡಿದಂತೆ ಇಡೀ ಪ್ರಯಾಣವನ್ನು ನಮ್ಮ ಗಡಿಯಾರದಲ್ಲಿ ಬರೆದುಕೊಂಡು ಅದನ್ನು ವೈದ್ಯರಿಗೆ ತೋರಿಸಿ, ಇನ್ಸುಲಿನ್ ಯಾವಾಗ ಎಂದು ಅವರಿಂದಲೇ ಗುರುತು ಹಾಕಿಸಿಕೊಳ್ಳಿ.

ಬರುವಾಗಲೂ ತಾರೀಖು ನೋಡಿ. 12.40ಕ್ಕೆ ಹತ್ತಿದ ವಿಮಾನ 1.55ಕ್ಕೆ ಇಳಿಯುವುದು ಮರುದಿನ. ಟಿಕೆಟ್‌ನಲ್ಲಿ ಸಮಯದ ಪಕ್ಕ ಕಾಣುವ ಸಣ್ಣ '+1' ಅದನ್ನೇ ಹೇಳುವುದು. ಕಾರು ಕಳಿಸುವವರಿಗೆ ಆ ತಾರೀಖನ್ನೇ ಹೇಳಿ.

ಕೊನೆಗೆ, 7,400 ಎಂಬ ಅಂಕಿ ನಿಜಕ್ಕೂ ಹಣವಾಗುವ ಒಂದು ಜಾಗವಿದೆ. ಯುರೋಪಿನ 261/2004 ನಿಯಮದ ಪ್ರಕಾರ ವಿಮಾನ ಮೂರು ಗಂಟೆಗಿಂತ ಹೆಚ್ಚು ತಡವಾಗಿ ತಲುಪಿದರೆ ಪ್ರಯಾಣಿಕರಿಗೆ ಪರಿಹಾರ ಸಿಗುತ್ತದೆ, ಅದರ ಮೊತ್ತ ನಿಂತಿರುವುದು ದೂರದ ಮೇಲೆ. ಆ ದೂರವನ್ನು ಮಹಾವೃತ್ತದ ಲೆಕ್ಕದಲ್ಲೇ ಅಳೆಯಬೇಕೆಂದು ನಿಯಮವೇ ಹೇಳುತ್ತದೆ, ವಿಮಾನ ಎಷ್ಟು ಸುತ್ತಿದರೂ. 3,500 ಕಿ.ಮೀ. ದಾಟಿದ ಇಂಥ ಪ್ರಯಾಣಕ್ಕೆ ತಲಾ 600 ಯೂರೊ. ತಡ ನಾಲ್ಕು ಗಂಟೆಯೊಳಗಿದ್ದರೆ ಅರ್ಧಕ್ಕೆ ಇಳಿಸಬಹುದು. ಬಿರುಗಾಳಿ, ಆಕಾಶ ಮುಚ್ಚಿದ್ದು ಇಂಥ ಕೈಮೀರಿದ ಕಾರಣಗಳಿಗೆ ಸಿಗುವುದಿಲ್ಲ. ಯುರೋಪಿನ ಸಂಸ್ಥೆಯ ವಿಮಾನವಾದರೆ ಹೋಗುವಾಗಲೂ ಬರುವಾಗಲೂ ಅನ್ವಯ. ಕೊಲ್ಲಿಯದೋ ಭಾರತದ್ದೋ ಸಂಸ್ಥೆಯಾದರೆ ಫ್ರಾಂಕ್‌ಫರ್ಟ್‌ನಿಂದ ಹೊರಡುವ ಪ್ರಯಾಣಕ್ಕೆ ಮಾತ್ರ. ತಡವನ್ನು ಚಕ್ರ ನೆಲ ಮುಟ್ಟಿದ ಹೊತ್ತಿನಿಂದ ಎಣಿಸುವುದಿಲ್ಲ. ವಿಮಾನದ ಒಂದಾದರೂ ಬಾಗಿಲು ತೆರೆದ ಕ್ಷಣವೇ ತಲುಪಿದ ಸಮಯ ಎಂದು ಯುರೋಪಿನ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿದೆ. ತಡವಾದ ದಿನ ಬಾಗಿಲು ತೆರೆದ ಸಮಯವನ್ನು ಬೋರ್ಡಿಂಗ್ ಪಾಸಿನ ಹಿಂದೆ ಬರೆದಿಟ್ಟುಕೊಳ್ಳಿ, ಪಾಸನ್ನು ಎಸೆಯಬೇಡಿ.